ಒಂದು ಅಲ್ಟ್ರಾವೈಡೋ, ಎರಡು ಮಾನಿಟರೋ?

"ಒಂದು ದೊಡ್ಡ ಅಲ್ಟ್ರಾವೈಡ್ ತಗೊಳ್ಳಲಾ, ಇಲ್ಲಾ 27 ಇಂಚಿನ ಎರಡು ಮಾನಿಟರ್ ಪಕ್ಕಪಕ್ಕ ಇಡಲಾ? ಹಗಲು ಆಫೀಸ್ ಕೆಲಸ, ರಾತ್ರಿ ಗೇಮ್. ಎರಡಕ್ಕೂ ಆಗಬೇಕು."

ನನ್ನ ಪರಿಚಯದವರು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಆಫೀಸಿನಲ್ಲಿ ಕೇಳುತ್ತಾರೆ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಕೇಳುತ್ತಾರೆ. ಹಾಗಾಗಿ ಒಂದು ಸಲ ವಿವರವಾಗಿ ಬರೆದುಬಿಡುತ್ತೇನೆ. ಅಲ್ಟ್ರಾವೈಡ್ ಅಂದರೆ ಮಾಮೂಲಿಗಿಂತ ಅಗಲ ಜಾಸ್ತಿ ಇರುವ ಮಾನಿಟರ್.

ಉತ್ತರ ಮೊದಲು. ಒಂದೇ ಥರದ ಎರಡು ಮಾನಿಟರ್ ತಗೊಳ್ಳಬೇಡಿ. ನಿಮ್ಮ ಮೂಗಿನ ನೇರಕ್ಕೆ ಇರುವ ಒಂದು ಸ್ಕ್ರೀನಿಗೆ ದುಡ್ಡಿನ ದೊಡ್ಡ ಪಾಲು ಹಾಕಿ. ಪಕ್ಕಕ್ಕೆ ಇನ್ನೊಂದು ಚಿಕ್ಕದು, ಕಮ್ಮಿ ಬೆಲೆಯದು ಸಾಕು. ಮನೆಯಲ್ಲಿ ಹಳೆಯದೊಂದು ಇದ್ದರೆ ಅದೇ ಆಗುತ್ತದೆ. ಕೆಲಸ ಮತ್ತು ಗೇಮ್ ಎರಡೂ ಇರುವವರಿಗೆ ನಾನು ಹೇಳುವ ಜೋಡಿ: ಮಧ್ಯದಲ್ಲಿ 34 ಇಂಚಿನ ಅಲ್ಟ್ರಾವೈಡ್, ಪಕ್ಕದಲ್ಲಿ ಉದ್ದುದ್ದಕ್ಕೆ ತಿರುಗಿಸಿ ನಿಲ್ಲಿಸಿದ 24 ಇಂಚು.

ಯಾಕೆ ಅಂದರೆ, ಸಮ ಅಳತೆಯ ಎರಡು ಸ್ಕ್ರೀನ್ ಇಟ್ಟಾಗ ನಡುವೆ ಇರುವುದು ಪ್ಲಾಸ್ಟಿಕ್ ಅಂಚು. ನೇರವಾಗಿ ಕೂತರೆ ಕಣ್ಣೆದುರಿಗೆ ಆ ಅಂಚೇ ಬರುತ್ತದೆ. ಅದನ್ನು ತಪ್ಪಿಸಲು ಎಲ್ಲರೂ ಒಂದು ಸ್ಕ್ರೀನಿನ ಕಡೆ ತಿರುಗಿ ಕೂರುತ್ತಾರೆ. ದಿನಕ್ಕೆ ಎಂಟು ಗಂಟೆ ಕುತ್ತಿಗೆ ಒಂದೇ ಕಡೆಗೆ ವಾಲಿರುತ್ತದೆ. ಗೇಮ್‌ನಲ್ಲಿ ಇದು ಇನ್ನೂ ಕಷ್ಟ. ಎರಡು ಸ್ಕ್ರೀನ್ ಸೇರಿಸಿ ಆಡಿದರೆ ಗುರಿ ಇಡುವ ಚುಕ್ಕೆ ಸರಿಯಾಗಿ ಆ ಅಂಚಿನ ಮೇಲೆ ಬಂದು ಕೂರುತ್ತದೆ. ಅದಕ್ಕೇ ಗೇಮ್ ಆಡುವವರು ಒಂದು ಸ್ಕ್ರೀನಿನಲ್ಲಿ ಆಡುತ್ತಾರೆ, ಇಲ್ಲವೇ ಮೂರರಲ್ಲಿ. ಎರಡಕ್ಕೆ ಹರಡಿಕೊಂಡು ಆಡುವವರು ಸಿಗುವುದಿಲ್ಲ.

ಮೂರರ ಮಾತು ಬಂತಲ್ಲ, ಅದನ್ನು ಇಲ್ಲೇ ಮುಗಿಸುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಕಂಪನಿ ಎಎಂಡಿಯ ಐಫಿನಿಟಿ 2009ರಿಂದ ಇದೆ, ಎನ್‌ವಿಡಿಯಾದ್ದು ಸರೌಂಡ್ ಅಂತ. ಹಲವು ಮಾನಿಟರ್‌ಗಳನ್ನು ಒಂದೇ ಅಗಲದ ಸ್ಕ್ರೀನ್ ಅಂತ ಗೇಮ್‌ಗೆ ತೋರಿಸುವ ವ್ಯವಸ್ಥೆ ಇವು. ಸ್ಟಿಯರಿಂಗ್ ಚಕ್ರ, ಪೆಡಲ್ ಇಟ್ಟುಕೊಂಡು ಅಸೆಟ್ಟೊ ಕೋರ್ಸಾ, ಐರೇಸಿಂಗ್ ಥರದ ರೇಸಿಂಗ್ ಸಿಮ್ಯುಲೇಟರ್ ಆಡುವವರಿಗೆ ಮೂರು ಸ್ಕ್ರೀನ್ ನಿಜಕ್ಕೂ ಬೇಕು. ಪಕ್ಕದಲ್ಲಿ ಬರುವ ಕಾರು ಪಕ್ಕದ ಸ್ಕ್ರೀನಿನಲ್ಲೇ ಕಾಣುತ್ತದೆ. ಆದರೆ ಮೂರೂ ಒಂದೇ ಮಾಡೆಲ್ ಇರಬೇಕು, ಅದಕ್ಕೆ ಬೇರೆಯದೇ ಜಾಗ ಬೇಕು. ಆಫೀಸ್ ಮೇಜಿನ ಮೇಲೆ ಅದನ್ನೂ ತುರುಕಲು ಹೋಗಬೇಡಿ.

ಈಗ ಮೇಜು. ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಅಳೆಯಿರಿ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಕೆಲಸದ ಮೇಜಿಗೆ ಸಿಗುವುದು ಹೆಚ್ಚಾಗಿ ಮಲಗುವ ಕೋಣೆಯ ಒಂದು ಮೂಲೆ. ಮಂಚ, ಬೀರು ಇಟ್ಟು ಉಳಿದ ಜಾಗದಲ್ಲಿ ನಾಲ್ಕಡಿ ಮೇಜು ಹಿಡಿಸುತ್ತದೆ, ಅಷ್ಟೇ. ನಾಲ್ಕಡಿ ಅಂದರೆ 122 ಸೆಂ.ಮೀ. 27 ಇಂಚಿನ ಒಂದು ಮಾನಿಟರ್ ಸುಮಾರು 60 ಸೆಂ.ಮೀ. ಅಗಲ. ಎರಡಿಟ್ಟರೆ ಮೇಜು ಮುಗಿಯಿತು. ಸ್ಪೀಕರಿಗೂ ಜಾಗವಿಲ್ಲ, ನೀರಿನ ಬಾಟಲಿಗೂ ಜಾಗವಿಲ್ಲ. 34 ಇಂಚಿನ ಅಲ್ಟ್ರಾವೈಡ್ ಸುಮಾರು 80 ಸೆಂ.ಮೀ. 24 ಇಂಚಿನದನ್ನು ತಿರುಗಿಸಿ ನಿಲ್ಲಿಸಿದರೆ 30 ಚಿಲ್ಲರೆ. ಎರಡೂ ಸೇರಿ 115ರ ಒಳಗೆ. ಕುರ್ಚಿಯನ್ನು ದೊಡ್ಡ ಸ್ಕ್ರೀನಿನ ನಡುವಿಗೆ ಸರಿಯಾಗಿ ಇಟ್ಟುಕೊಳ್ಳಿ, ಮೇಜಿನ ನಡುವಿಗಲ್ಲ.

ಮೇಜಿನ ಆಳವನ್ನು ಯಾರೂ ಅಳೆಯುವುದಿಲ್ಲ. ಎರಡಡಿ ಆಳದ ಮೇಜಿನಲ್ಲಿ ಅಲ್ಟ್ರಾವೈಡ್‌ನ ಸ್ಟ್ಯಾಂಡ್ ಅರ್ಧ ಜಾಗ ತಿಂದು ಸ್ಕ್ರೀನನ್ನು ಮುಖದ ಹತ್ತಿರಕ್ಕೆ ತಳ್ಳುತ್ತದೆ. ಕೈ ಚಾಚಿದಷ್ಟು ದೂರ ಇರಲೇಬೇಕು. ಇದಕ್ಕೆ ಪರಿಹಾರ ಮಾನಿಟರ್ ಆರ್ಮ್, ಅಂದರೆ ಸ್ಟ್ಯಾಂಡಿನ ಬದಲು ಮಾನಿಟರನ್ನು ಎತ್ತಿ ಹಿಡಿಯುವ ಕೈ. ಬಾಡಿಗೆ ಮನೆಯ ಗೋಡೆಗೆ ಡ್ರಿಲ್ ಮಾಡಲು ಓನರ್ ಒಪ್ಪಲಿಕ್ಕಿಲ್ಲ, ಆದರೆ ಮೇಜಿಗೆ ಕಚ್ಚಿ ಹಿಡಿಯುವ ಆರ್ಮ್‌ಗೆ ಯಾರ ಅಪ್ಪಣೆಯೂ ಬೇಡ. ಎರಡು ವಿಷಯ ನೋಡಿ. ಮಾನಿಟರಿನ ಹಿಂದೆ ವೆಸಾ ತೂತುಗಳಿವೆಯಾ (75 ಅಥವಾ 100 ಮಿ.ಮೀ. ಅಂತರದ ನಾಲ್ಕು ತೂತು), ಆರ್ಮ್ ಆ ತೂಕ ತಡೆಯುತ್ತದಾ. ಗಾಜಿನ ಮೇಜಿಗೆ ಮಾತ್ರ ಆರ್ಮ್ ಬಿಗಿಯಬೇಡಿ, ಒಡೆಯುತ್ತದೆ. ಒಳಗೆ ಟೊಳ್ಳಿರುವ ಹಗುರ ಮೇಜಾದರೆ ಕೆಳಗೂ ಮೇಲೂ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಿರಿ.

ಇನ್ನು ಇಂಚಿನ ವಿಷಯ. ಇಂಚನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ಹಾಗಾಗಿ ಸ್ಕ್ರೀನ್ ಅಗಲವಾದಷ್ಟೂ ಅದೇ ಇಂಚಿಗೆ ಎತ್ತರ ಕಮ್ಮಿ ಸಿಗುತ್ತದೆ. 34 ಇಂಚಿನ ಅಲ್ಟ್ರಾವೈಡ್‌ನ ಎತ್ತರ ಹೆಚ್ಚುಕಮ್ಮಿ 27 ಇಂಚಿನ ಸಾಮಾನ್ಯ ಮಾನಿಟರಿನಷ್ಟೇ. ಇದು ಒಳ್ಳೆಯದೇ. ಆದರೆ 29 ಇಂಚಿನ ಅಲ್ಟ್ರಾವೈಡ್ ಅಂತ ಒಂದು ಬರುತ್ತದೆ, ಬೆಲೆ ಆಸೆ ಹುಟ್ಟಿಸುತ್ತದೆ. ಅದರ ಎತ್ತರ 24 ಇಂಚಿನ ಮಾನಿಟರಿಗಿಂತಲೂ ಕಮ್ಮಿ. ಎಕ್ಸೆಲ್‌ನಲ್ಲಿ ಸಾಲುಗಳು ಸಾಲುವುದಿಲ್ಲ, ಕೋಡ್ ಓದಲು ಸ್ಕ್ರೋಲ್ ಮಾಡುತ್ತಲೇ ಇರಬೇಕು. ಮುಖ್ಯ ಸ್ಕ್ರೀನ್ ಆಗಿ ಅದನ್ನು ತಗೊಳ್ಳಬೇಡಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ.

ಇದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ. 34 ಇಂಚಿನಲ್ಲೇ ಎರಡು ಥರ ಸಿಗುತ್ತದೆ: 3440×1440 ಮತ್ತು 2560×1080 (ಅಗಲಕ್ಕೆ ಮತ್ತು ಎತ್ತರಕ್ಕೆ ಎಷ್ಟು ಚುಕ್ಕೆ, ಅಂದರೆ ಪಿಕ್ಸೆಲ್, ಅನ್ನುವ ಲೆಕ್ಕ). ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಎರಡನೆಯದು ಅಗ್ಗ. ಆದರೆ ಅದರಲ್ಲಿ ಒಂದು ಇಂಚಿಗೆ ಸುಮಾರು 82 ಪಿಕ್ಸೆಲ್ ಮಾತ್ರ. 27 ಇಂಚಿನ 1080ಪಿ (1920×1080) ಮಾನಿಟರಿನಲ್ಲೂ ಅಷ್ಟೇ. ಮೊದಲನೆಯದರಲ್ಲಿ ಸುಮಾರು 110. 24 ಇಂಚಿನ 1080ಪಿಯಲ್ಲಿ 92, ಪಕ್ಕದ ಸ್ಕ್ರೀನಿಗೆ ನಡೆಯುತ್ತದೆ.

ಈ ವ್ಯತ್ಯಾಸ ಎಷ್ಟು ಅಂತ ತಿಳಿಯಬೇಕಾದರೆ ಕನ್ನಡ ಓದಿ ನೋಡಿ. ಇದನ್ನು ನಾನು ಎಲ್ಲರಿಗೂ ಒತ್ತಾಯ ಮಾಡಿ ಹೇಳುತ್ತೇನೆ. ಇಂಗ್ಲಿಷ್ ಅಕ್ಷರ 82 ಪಿಕ್ಸೆಲ್‌ನಲ್ಲೂ ಹೇಗೋ ಓದಿಸಿಕೊಳ್ಳುತ್ತದೆ. ಗೆರೆಗಳು ನೇರ, ಎಲ್ಲವೂ ಒಂದೇ ಸಾಲಿನಲ್ಲಿ. ನಮ್ಮದು ಹಾಗಲ್ಲ. ಅಕ್ಷರವೇ ದುಂಡಗೆ, ಮೇಲೆ ಗುಣಿತ, ಕೆಳಗೆ ಒತ್ತು. "ರಾಷ್ಟ್ರೀಯ", "ವೈಶಿಷ್ಟ್ಯ" ಥರದ ಪದದಲ್ಲಿ ಒತ್ತಕ್ಷರಕ್ಕೆ ಸಿಗುವುದು ಬೆರಳೆಣಿಕೆಯ ಪಿಕ್ಸೆಲ್. ಅಷ್ಟರಲ್ಲಿ ಅದು ಬರೀ ಕಪ್ಪು ಮುದ್ದೆಯಾಗುತ್ತದೆ. ಧ ಮತ್ತು ದ, ಫ ಮತ್ತು ಪ ಬೇರೆ ಮಾಡುವುದು ಕೆಳಗಿನ ಒಂದು ಚಿಕ್ಕ ಸೀಳು. ಅದೂ ಮುಚ್ಚಿಹೋಗುತ್ತದೆ. ಅಂಗಡಿಯವರು ಡೆಮೋಗೆ ಹಾಕುವ ಹೂವು, ಜಲಪಾತ ಎಲ್ಲ ಮಾನಿಟರಿನಲ್ಲೂ ಚೆನ್ನಾಗೇ ಕಾಣುತ್ತದೆ. ಅದನ್ನು ನಿಲ್ಲಿಸಲು ಹೇಳಿ. ಒಂದು ಕನ್ನಡ ಪತ್ರಿಕೆಯ ತಾಣ ತೆಗೆಸಿ, ಝೂಮ್ ನೂರರಲ್ಲೇ ಇಟ್ಟು, ಮನೆಯಲ್ಲಿ ಕೂರುವಷ್ಟು ದೂರದಿಂದ ಎರಡು ಪ್ಯಾರಾ ಓದಿ. ಒತ್ತಕ್ಷರ ಗುರುತಿಸಲು ಕಣ್ಣು ಕಿರಿದು ಮಾಡಬೇಕಾದರೆ ಆ ಮಾನಿಟರ್ ಬೇಡ.

ಒಎಲ್‌ಇಡಿ (ಪ್ರತಿ ಚುಕ್ಕೆಯೂ ತಾನೇ ಬೆಳಗುವ ಸ್ಕ್ರೀನ್) ಬಗ್ಗೆಯೂ ಇದೇ ಪರೀಕ್ಷೆ. ಕಪ್ಪು ಬಣ್ಣ, ವೇಗ ಎರಡರಲ್ಲೂ ಬೇರೆ ಯಾವುದೂ ಅದನ್ನು ಮೀರಿಸುವುದಿಲ್ಲ. ಕತ್ತಲೆ ಜಾಸ್ತಿ ಇರುವ ಗೇಮ್ ಅದರಲ್ಲಿ ನೋಡಿದರೆ ಬೇರೆ ಯಾವುದೂ ರುಚಿಸುವುದಿಲ್ಲ. ಆದರೆ ಹಲವು ಒಎಲ್‌ಇಡಿ ಪ್ಯಾನೆಲ್‌ಗಳಲ್ಲಿ ಕೆಂಪು, ಹಸಿರು, ನೀಲಿ ಚುಕ್ಕೆಗಳ ಜೋಡಣೆ ಬೇರೆ. ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಬರುತ್ತದೆ. ಜೊತೆಗೆ, ಟಾಸ್ಕ್‌ಬಾರ್, ಮೆನು ಇವೆಲ್ಲ ದಿನವಿಡೀ ಒಂದೇ ಜಾಗದಲ್ಲಿ ನಿಂತರೆ ವರ್ಷಗಳಲ್ಲಿ ಕಲೆ ಉಳಿಯುವ ಅಪಾಯವಿದೆ. ಕೆಲಸ ಜಾಸ್ತಿ, ಗೇಮ್ ಕಮ್ಮಿ ಇರುವವರು ಐಪಿಎಸ್ ತಗೊಳ್ಳಿ. ಐಪಿಎಸ್, ವಿಎ, ಟಿಎನ್ ಮೂರೂ ಮಾಮೂಲಿ ಎಲ್‌ಸಿಡಿ ಸ್ಕ್ರೀನಿನ ಬಗೆಗಳು. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಐಪಿಎಸ್‌ಗಿಂತ ಗಾಢ, ಆದರೆ ಕತ್ತಲೆಯ ದೃಶ್ಯ ಓಡುವಾಗ ಹಿಂದೆ ಕಪ್ಪು ಎಳೆ ಉಳಿಯುವುದುಂಟು. ಪಕ್ಕದಲ್ಲಿ ತಿರುಗಿಸಿ ನಿಲ್ಲಿಸುವ ಸ್ಕ್ರೀನ್ ಮಾತ್ರ ಐಪಿಎಸ್ಸೇ ಇರಲಿ. ಹಳೆಯ ಟಿಎನ್ ಪ್ಯಾನೆಲ್ ತಿರುಗಿಸಿದರೆ ಎಡಗಣ್ಣಿಗೆ ಒಂದು ಬಣ್ಣ, ಬಲಗಣ್ಣಿಗೆ ಇನ್ನೊಂದು ಕಾಣುತ್ತದೆ. 1920×1200ರ 24 ಇಂಚು ಸಿಕ್ಕರೆ ಇನ್ನೂ ಒಳ್ಳೆಯದು. ತಿರುಗಿಸಿದಾಗ 1080ರ ಬದಲು 1200 ಪಿಕ್ಸೆಲ್ ಅಗಲ ಸಿಗುತ್ತದೆ, ವೆಬ್ ಪುಟಗಳು ಇಕ್ಕಟ್ಟಾಗುವುದಿಲ್ಲ.

ಗೇಮ್‌ಗೆ ಬರೋಣ. 3440×1440 ಅಂದರೆ ಸುಮಾರು 50 ಲಕ್ಷ ಪಿಕ್ಸೆಲ್. 27 ಇಂಚಿನ 2560×1440ಗಿಂತ ಮೂರನೇ ಒಂದು ಭಾಗ ಜಾಸ್ತಿ, 1080ಪಿಗಿಂತ ಎರಡು ಪಟ್ಟಿಗೂ ಜಾಸ್ತಿ. 1080ಪಿಯಲ್ಲಿ ಆರಾಮಾಗಿ ಓಡುವ ಗ್ರಾಫಿಕ್ಸ್ ಕಾರ್ಡ್ ಇಲ್ಲಿ ಏದುಸಿರು ಬಿಡಬಹುದು. ಕಾರ್ಡ್ ಬದಲಿಸುವ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಪಕ್ಕದ ಸ್ಕ್ರೀನಿನಲ್ಲಿ ಸುಮ್ನೆ ಚಾಟ್ ಇಲ್ಲಾ ಮ್ಯಾಪ್ ತೆರೆದಿದ್ದರೆ ಕಾರ್ಡ್‌ಗೆ ಅದೊಂದು ಭಾರವೇ ಅಲ್ಲ. ಫೋರ್ಜಾ ಹೊರೈಜನ್ 5, ಫ್ಲೈಟ್ ಸಿಮ್ಯುಲೇಟರ್, ಯೂರೋ ಟ್ರಕ್ ಸಿಮ್ಯುಲೇಟರ್ 2 ಇಂಥವುಗಳಲ್ಲಿ ಅಗಲದ ಸ್ಕ್ರೀನ್ ಕೊಡುವ ಖುಷಿಯೇ ಬೇರೆ. ರಸ್ತೆಯ ಎರಡೂ ಬದಿ ಕಣ್ಣಂಚಿಗೆ ಬರುತ್ತದೆ.

ಆದರೆ ಎಲ್ಲ ಗೇಮ್ ಹೀಗಿಲ್ಲ. ನನ್ನ ಚಿಕ್ಕಮ್ಮನ ಮಗ ರಾಜಾಜಿನಗರದಿಂದ ಫೋನ್ ಮಾಡಿ "ಅಣ್ಣಾ, ಅಗಲದ್ದೇ ತಗೊಳ್ಳಲಾ?" ಅಂದಾಗ ನಾನು ಕೇಳಿದ್ದು ಒಂದೇ, ಯಾವ ಗೇಮ್ ಆಡುತ್ತೀಯ ಅಂತ. ಹೆಚ್ಚಾಗಿ ವ್ಯಾಲರಂಟ್ ಅನ್ನುವ ಶೂಟಿಂಗ್ ಗೇಮ್ ಅಂದ. ಬೇಡ ಅಂದೆ. ವ್ಯಾಲರಂಟ್ ಅಲ್ಟ್ರಾವೈಡ್‌ನವರಿಗೆ ಹೆಚ್ಚಿನ ನೋಟ ಕೊಡುವುದಿಲ್ಲ. ಒಬ್ಬರಿಗೆ ಜಾಸ್ತಿ ಕಂಡರೆ ಆಟ ನ್ಯಾಯವಲ್ಲ ಅಲ್ವಾ. ಎಲ್ಡನ್ ರಿಂಗ್ ಗೇಮ್ ಕೂಡ ಸಾಮಾನ್ಯ ಮಾನಿಟರಿನ ಅಗಲ-ಎತ್ತರದ ಅನುಪಾತವಾದ 16:9ಕ್ಕೇ ಕಟ್ಟುಬಿದ್ದು ಎರಡೂ ಕಡೆ ಕಪ್ಪು ಪಟ್ಟಿ ಬಿಡುತ್ತದೆ. ಶೂಟಿಂಗ್ ಗೇಮ್‌ಗಳನ್ನೇ ಆಡುವವರಿಗೆ 24 ಅಥವಾ 27 ಇಂಚಿನ, ಹೆಚ್ಚು ಹರ್ಟ್ಸ್‌ನ (ಸೆಕೆಂಡಿಗೆ ಹೆಚ್ಚು ಸಲ ಚಿತ್ರ ಬದಲಿಸುವ) ಸಾಮಾನ್ಯ ಮಾನಿಟರ್ ಮಧ್ಯಕ್ಕೆ ಬರಲಿ. ಪಕ್ಕದ್ದು ಹಾಗೇ ಇರಲಿ. ಮಧ್ಯದ್ದು ಮುಖ್ಯ ಅನ್ನುವ ಮಾತು ಇಲ್ಲೂ ಬದಲಾಗುವುದಿಲ್ಲ.

49 ಇಂಚಿನದನ್ನು ಕೇಳುವವರೂ ಇದ್ದಾರೆ. 5120×1440, ಅಂದರೆ 27 ಇಂಚಿನ ಎರಡನ್ನು ಅಂಚಿಲ್ಲದೆ ಬೆಸೆದ ಹಾಗೆ. ಸೊಗಸಾದ ವಸ್ತು, ಆದರೆ ಅದೊಂದೇ ಸುಮಾರು 120 ಸೆಂ.ಮೀ. ಐದಡಿ ಮೇಜು ಇದ್ದವರು ಯೋಚಿಸಲಿ. ಬಾಗಿದ ಸ್ಕ್ರೀನಿನ ಮೇಲೆ 1000ಆರ್, 1500ಆರ್, 1800ಆರ್ ಅಂತ ಬರೆದಿರುತ್ತಾರೆ. ಅದು ಬಾಗಿನ ತ್ರಿಜ್ಯ, ಮಿಲಿಮೀಟರ್‌ನಲ್ಲಿ. ಸಂಖ್ಯೆ ಚಿಕ್ಕದಾದಷ್ಟೂ ಬಾಗು ಜಾಸ್ತಿ. 34 ಇಂಚಿಗೆ 1500 ಅಥವಾ 1800 ಸಾಕು. ಮನೆ ನಕ್ಷೆ ಬಿಡಿಸುವವರು ಚಪ್ಪಟೆಯದ್ದೇ ಹುಡುಕಿ, ಬಾಗಿದ್ದರಲ್ಲಿ ನೇರ ಗೆರೆಯೂ ಸೊಟ್ಟಗೆ ಕಾಣುತ್ತದೆ.

ಆಫೀಸ್ ಲ್ಯಾಪ್‌ಟಾಪಿನ ವಿಷಯ ಮರೆಯಬೇಡಿ. ಎಂ1, ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್ ಹೊರಗಿನ ಒಂದೇ ಮಾನಿಟರ್ ಓಡಿಸುತ್ತದೆ. ಎಂ3 ಆದರೆ ಮುಚ್ಚಳ ಮುಚ್ಚಿದಾಗ ಎರಡು, ಎಂ4 ಆದರೆ ಮುಚ್ಚಳ ತೆರೆದಿದ್ದರೂ ಎರಡು. ಒಂದೇ ಓಡಿಸುವ ಲ್ಯಾಪ್‌ಟಾಪ್ ಇದ್ದವರಿಗೆ ಅಲ್ಟ್ರಾವೈಡ್ ಸಹಜವಾಗಿಯೇ ಗೆಲ್ಲುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ-ಸಿ ಕಂಡಿ ಇದ್ದ ಮಾತ್ರಕ್ಕೆ ಚಿತ್ರ ಬರುತ್ತದೆ ಅಂತಲ್ಲ, ಅದರಲ್ಲಿ ಡಿಸ್‌ಪ್ಲೇಪೋರ್ಟ್ (ಮಾನಿಟರಿಗೆ ಚಿತ್ರ ಕಳಿಸುವ) ಸೌಲಭ್ಯ ಇರಬೇಕು. ಎಚ್‌ಡಿಎಂಐ 2.0ದಲ್ಲಿ 3440×1440ಕ್ಕೆ ಸುಮಾರು 100 ಹರ್ಟ್ಸ್‌ಗೆ ನಿಲ್ಲುತ್ತದೆ. 144, 165 ಅಂತ ದುಡ್ಡು ಕೊಟ್ಟವರು ಗೇಮಿಂಗ್ ಪಿಸಿಯನ್ನು ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲೇ ಜೋಡಿಸಿ, ಆಮೇಲೆ ವಿಂಡೋಸ್ ಸೆಟ್ಟಿಂಗ್‌ಗೆ ಹೋಗಿ ಹರ್ಟ್ಸ್ ಏರಿಸಿ. ಎಷ್ಟೋ ಜನರ 165 ಹರ್ಟ್ಸ್ ಮಾನಿಟರ್ 60ರಲ್ಲೇ ಓಡುತ್ತಿರುತ್ತದೆ.

ಲ್ಯಾಪ್‌ಟಾಪ್ ಮತ್ತು ಗೇಮಿಂಗ್ ಪಿಸಿ ಎರಡೂ ಇದ್ದರೆ ಒಳಗೇ ಕೆವಿಎಂ ಇರುವ ಮಾಡೆಲ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಕೀಬೋರ್ಡ್, ಮೌಸ್ ಮಾನಿಟರಿಗೇ ಚುಚ್ಚಿ. ಆಫೀಸ್ ಮುಗಿದ ಮೇಲೆ ಒಂದು ಬಟನ್ ಒತ್ತಿದರೆ ಸ್ಕ್ರೀನ್, ಕೀಬೋರ್ಡ್, ಮೌಸ್ ಎಲ್ಲವೂ ಪಿಸಿಗೆ ಹೋಗುತ್ತವೆ. ಮೀಟಿಂಗ್‌ನಲ್ಲಿ ಅಲ್ಟ್ರಾವೈಡ್ ಪೂರ್ತಿ ಶೇರ್ ಮಾಡಿದರೆ ಎದುರಿನವರಿಗೆ ಅಕ್ಷರ ಇರುವೆಯಷ್ಟು ಕಾಣುತ್ತದೆ. ಬೇಕಾದ ವಿಂಡೋ ಮಾತ್ರ ಶೇರ್ ಮಾಡಿ, ಇಲ್ಲಾ ಪಕ್ಕದ ಸ್ಕ್ರೀನಿನಿಂದ ತೋರಿಸಿ.

ಎಲ್ಲಿ ತಗೊಳ್ಳುವುದು? ಬೆಲೆ ಆನ್‌ಲೈನ್‌ನಲ್ಲಿ ನೋಡಿಕೊಳ್ಳಿ, ಆದರೆ ಒಂದು ಮಧ್ಯಾಹ್ನ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋಗಿ ಬನ್ನಿ. ಕಾರು ಬೇಡ, ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆಯಿರಿ. ಮಾನಿಟರ್ ಕಣ್ಣಿಂದ ನೋಡಿ ತಗೊಳ್ಳಬೇಕಾದ ವಸ್ತು. ಮೊದಲು 32 ಇಂಚಿಗಿಂತ ದೊಡ್ಡದಕ್ಕೆ 28% ಜಿಎಸ್‌ಟಿ ಇತ್ತು, ಅಲ್ಟ್ರಾವೈಡ್ ದುಬಾರಿಯಾಗಲು ಅದೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ಅದು 18%ಕ್ಕೆ ಇಳಿದಿದೆ. ಹಳೆಯ ಬೆಲೆಯನ್ನೇ ಹೇಳಿದರೆ ಬಿಲ್ಲಿನಲ್ಲಿ ತೆರಿಗೆಯ ಸಾಲು ನೋಡಿ.

ಮನೆಗೆ ಬಂದ ದಿನವೇ ಡಬ್ಬ ಬಿಚ್ಚಿ, ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ. ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಹಾಕಿ ಸತ್ತ ಪಿಕ್ಸೆಲ್ ಇದೆಯಾ ನೋಡಿ. ರಾತ್ರಿ ಲೈಟ್ ಆರಿಸಿ ಕಪ್ಪು ಸ್ಕ್ರೀನಿನ ಮೂಲೆಗಳಲ್ಲಿ ಬೆಳಕು ಸೋರುತ್ತದಾ ನೋಡಿ. ವಾಪಸ್ ಕೊಡುವ ಅವಧಿ ಮುಗಿಯುವವರೆಗೆ ಆ ದೊಡ್ಡ ಡಬ್ಬ, ಥರ್ಮಾಕೋಲ್ ಎರಡನ್ನೂ ಮಂಚದ ಕೆಳಗೆ ಇಟ್ಟುಕೊಳ್ಳಿ.