ಸಿಲಿಂಡರ್‌ಗೆ ತುಂಬಿ ಲಾರಿಯಲ್ಲಿ ತಂದರೆ ಆಗಲ್ವಾ?

ನಾನು ಗ್ಯಾಸ್ ಪೈಪ್‌ಲೈನ್ ಸರ್ವೆ ಕೆಲಸ ಮಾಡಿದವನು ಅಂತ ಗೊತ್ತಾದರೆ ಸಾಕು, ಬಳ್ಳಾರಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. ‘ಎಲ್ಲಿಂದಲೋ ಗ್ಯಾಸ್ ತರೋಕೆ ಅಷ್ಟುದ್ದ ಹೊಲ ಅಗೀಬೇಕಾ? ಸಿಲಿಂಡರ್‌ಗೆ ತುಂಬಿ ಲಾರಿಯಲ್ಲಿ ತಂದರೆ ಆಗಲ್ವಾ?’ ಮೊನ್ನೆ ಮದುವೆ ಊಟದಲ್ಲಿ, ಬಾಯಲ್ಲಿ ಹೋಳಿಗೆ ಇರುವಾಗಲೇ ಒಬ್ಬರು ಕೇಳಿದರು. ಇನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಆಗಲ್ಲ. ಅಡುಗೆಮನೆಯ ಸಿಲಿಂಡರ್‌ನಲ್ಲಿರುವುದು ಎಲ್‌ಪಿಜಿ. ಸ್ವಲ್ಪ ಒತ್ತಡ ಕೊಟ್ಟರೆ ನೀರಿನ ಹಾಗಾಗುತ್ತದೆ. ಅಲ್ಲಾಡಿಸಿದಾಗ ಒಳಗೆ ಗುಳುಗುಳು ಅನ್ನುವುದು ಅದೇ. ಪೈಪ್‌ನಲ್ಲಿ ಬರುವುದು ನೈಸರ್ಗಿಕ ಅನಿಲ, ಅಂದರೆ ಮುಖ್ಯವಾಗಿ ಮೀಥೇನ್. ನಮ್ಮ ಬಿಸಿಲಲ್ಲಿ ಅದನ್ನು ಎಷ್ಟೇ ಒತ್ತಿದರೂ ನೀರಾಗುವುದಿಲ್ಲ. ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಬೇಕು. ಆಗ ಸುಮಾರು 600ರಲ್ಲಿ ಒಂದು ಪಾಲು ಜಾಗ ಸಾಕು. ದೂರದ ದೇಶಗಳಿಂದ ಹಡಗಿನಲ್ಲಿ ಹಾಗೇ ಬರುತ್ತದೆ. ಇದೇ ಅನಿಲವನ್ನು ಒತ್ತಿ ತುಂಬಿದ ಸಿಎನ್‌ಜಿ ಹೊತ್ತ ಲಾರಿಗಳೂ ಇವೆ, ನಿಜ. ಒಂದು ಬಂಕ್‌ಗೆ ಸಾಕು. ಊರಿನ ಒಲೆಗಳಿಗೆಲ್ಲ, ದೊಡ್ಡ ಕಾರ್ಖಾನೆಗಳಿಗೆಲ್ಲ ಲಾರಿ ನಂಬಿ ಕೂರೋಕಾಗಲ್ಲ.

ಸರ್ಕಾರವೂ ಪೈಪನ್ನೇ ನಂಬಿದೆ. ಮಹಾರಾಷ್ಟ್ರದ ಕರಾವಳಿಯ ದಾಭೋಳ್‌ನಿಂದ ಬೆಂಗಳೂರಿಗೆ 2013ರಲ್ಲಿ ಲೈನ್ ಬಂತು. ಮೊದಲು ಒಂದೊಂದು ಲೈನಿಗೂ ಒಂದೊಂದು ಸಾಗಣೆ ದರ ಇತ್ತು. ಮೂರು ಲೈನ್ ದಾಟಿದರೆ ಮೂರು ಸಲ ಕಟ್ಟಬೇಕು. ದೂರದ ಊರಿಗೆ ಗ್ಯಾಸ್ ತುಟ್ಟಿ. 2023ರ ಏಪ್ರಿಲ್‌ನಲ್ಲಿ ಒಂದಕ್ಕೊಂದು ಜೋಡಿಸಿದ ಲೈನುಗಳಿಗೆ ಒಂದೇ ಲೆಕ್ಕ ತಂದರು. 2025ರ ಕೊನೆಯವರೆಗೆ ಗ್ಯಾಸ್ ಹೊರಡುವ ಜಾಗದಿಂದ 300 ಕಿ.ಮೀ. ಒಳಗೆ ಒಂದು ದರ, 1,200ರವರೆಗೆ ಇನ್ನೊಂದು, ಅದರಾಚೆ ಮತ್ತೊಂದು ಇತ್ತು. ದೂರದವರ ಹೊರೆ ಇಳಿಸುವುದು ಉದ್ದೇಶ. ನನಗಿದು ಸರಿ ಅನ್ನಿಸುತ್ತದೆ.

ಸಾಗಣೆಗೆ ಇಷ್ಟೆಲ್ಲ ಲೆಕ್ಕ ಇದೆ ಅಂದಮೇಲೆ, ಯಾರ ಹೊಲದ ಕೆಳಗೆ ಸಾಗುತ್ತದೋ ಅವರಿಗೇನು? ಇದನ್ನು ಒಬ್ಬರೂ ಕೇಳುವುದಿಲ್ಲ. ಕೇಳಿದ್ದು ಗದಗ ಕಡೆಯ ಒಬ್ಬ ಅಜ್ಜಿ ಮಾತ್ರ.

ಆಗ ನಾನು ಕೆಲಸಕ್ಕೆ ಹೊಸಬ. ಎರೆ ಹೊಲ, ಆಳೆತ್ತರ ಬಿಳಿಜೋಳ. ಬದುವಿನ ಮೇಲೆ ಕೂತು ನೋಟಿಸ್ ಓದಿ ಹೇಳಿದೆ. ‘1962ರ ಕಾನೂನು ಇದು. ಹೊಲ ನಿಮ್ಮದೇ ಯವ್ವಾ, ಸರ್ಕಾರ ತಗೊಳ್ಳೋದು ಬಳಕೆಯ ಹಕ್ಕು ಮಾತ್ರ. ಪೈಪ್ ಹೂತ ಮೇಲೆ ಜೋಳ, ಕಡಲೆ ಬಿತ್ತಬಹುದು. ಪೈಪ್ ಮೇಲಿನ ಪಟ್ಟಿ ಜಾಗದಲ್ಲಿ ಮನೆ ಕಟ್ಟಬಾರದು, ಬಾವಿ ತೋಡಬಾರದು, ಗಿಡಮರ ನೆಡಬಾರದು.’ ಬೆಳೆ ಹಾಳಾದರೆ ಅದಕ್ಕೆ ಬೇರೆ ಪರಿಹಾರ. ಬಳಕೆಯ ಹಕ್ಕಿಗೆ ಜಮೀನಿನ ಮಾರುಕಟ್ಟೆ ಬೆಲೆಯ ಶೇ 10, ಒಂದೇ ಸಲ.

ಅಜ್ಜಿ ಬುತ್ತಿ ಗಂಟು ಬಿಚ್ಚಿ ನನ್ನ ಕೈಗೆ ಒಂದು ಕಟಕ್ ರೊಟ್ಟಿ ಇಟ್ಟು, ಮೇಲೆ ಶೇಂಗಾ ಚಟ್ನಿ ಹಾಕಿದಳು. ಆಮೇಲೆ ಕೇಳಿದಳು: ‘ಬಾವಿ ತಗಿಯಂಗಿಲ್ಲ, ಗಿಡ ಹಚ್ಚಂಗಿಲ್ಲ. ಮತ್ತ ಹೊಲ ನಂದ ಹೆಂಗಾತಪ್ಪ?’

ರೊಟ್ಟಿ ಕೈಯಲ್ಲೇ ಉಳಿಯಿತು. ಕಾನೂನಿನ ಪುಟ ತಿರುವಿದೆ, ಅವಳಿಗೆ ಹೇಳುವಂಥದ್ದು ಅಲ್ಲಿರಲಿಲ್ಲ. ಪೈಪ್‌ನಲ್ಲಿ ಗ್ಯಾಸ್ ಹರಿಯುವಷ್ಟು ದಿನವೂ ಸಾಗಣೆ ದುಡ್ಡು ಬರುತ್ತಲೇ ಇರುತ್ತದೆ. ಅದರಲ್ಲಿ ಒಂದು ಚೂರು, ವರ್ಷಕ್ಕೊಮ್ಮೆ, ಹೊಲದವರಿಗೆ ಯಾಕೆ ಹೋಗಬಾರದು? ಕಿಲೋಮೀಟರ್ ಎಣಿಸಿ ದರ ಕಟ್ಟಿದವರಿಗೆ ಇದೇನು ದೊಡ್ಡ ಲೆಕ್ಕ?

ಮುಂದಿನ ಮದುವೆಯಲ್ಲಿ ಸಿಕ್ಕರೆ ಇದನ್ನು ಕೇಳಿ. ಹೋಳಿಗೆ ಪಕ್ಕಕ್ಕಿಟ್ಟು ಮಾತಾಡುತ್ತೇನೆ.