ಅಪ್ಪನಿಗೆ ಬಿಟ್ಟ ಹೋಳಿಗೆ

ಸಕ್ಕರೆ ಕಾಯಿಲೆ ಇರುವವರಿಗೆ ಕಲಬುರಗಿಯಲ್ಲಿ ಶಿವರಾತ್ರಿಯಿಂದ ಯುಗಾದಿಯವರೆಗಿನ ಒಂದು ತಿಂಗಳು ದಾಟುವುದು ಸುಲಭವಲ್ಲ. ಶಿವರಾತ್ರಿಯದು ಹೆಸರಿಗೆ ಉಪವಾಸ. ತಟ್ಟೆಯ ತುಂಬ ಸಾಬೂದಾಣಿ, ಬೇಯಿಸಿದ ಗೆಣಸು, ಖರ್ಜೂರ, ಬಾಳೆಹಣ್ಣು, ಮೇಲೆ ಒಂದು ಶೇಂಗಾ ಉಂಡಿ. ಅನ್ನ ರೊಟ್ಟಿ ಮುಟ್ಟಲಿಲ್ಲವೆಂದು ನಮಗೆ ಸಮಾಧಾನ. ಸಾಬೂದಾಣಿ ಮರಗೆಣಸಿನ ಪಿಷ್ಟವಾದ್ದರಿಂದ ರಕ್ತಕ್ಕೆ ಹೋದ ಮೇಲೆ ಅನ್ನದಂತೆ ಅದೂ ಸಕ್ಕರೆಯೇ. ಅಲ್ಲಿಂದ ಎರಡು ವಾರ ಕಳೆದರೆ ಹೋಳಿ ಹುಣ್ಣಿಮೆ. ಅಂದು ಹೋಳಿಗೆ ಇಲ್ಲದ ಮನೆಯೇ ಇಲ್ಲ. ಹುಣ್ಣಿಮೆಯಾಗಿ ಐದನೆಯ ದಿನಕ್ಕೆ, ನಾವು ಅಪ್ಪ ಎಂದೇ ಕರೆಯುವ ಶರಣಬಸವೇಶ್ವರರ ರಥೋತ್ಸವ, ಮತ್ತೆ ಹೋಳಿಗೆ. ಆಮೇಲೆ ಬೇವು ಬೆಲ್ಲ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಅದನ್ನು ಯುಗಾದಿಯ ನಂತರ ಮಾಡಿಸಿದವರಿಗೆ ಗೊತ್ತು, ಅದು ಚಿತ್ರಗುಪ್ತನ ಖಾತೆ. ಯಾರ ಮನೆಯಲ್ಲಿ ಎಷ್ಟು ತಿಂದೆವೆಂದು ನಾವು ಮರೆತರೂ ಅದು ಮರೆತಿರುವುದಿಲ್ಲ.

ಜಾತ್ರೆಯ ದಿನ ಬ್ರಹ್ಮಪುರದ ಓಣಿಗಳಲ್ಲಿ ನಡೆಯುವುದೇ ಒಂದು ಪರೀಕ್ಷೆ. ಸುತ್ತಲ ಹಳ್ಳಿಗಳ ನೆಂಟರೆಲ್ಲ ಊರಿಗೆ ಬಂದಿರುತ್ತಾರೆ. ಪರಿಚಯದ ಮನೆಯ ಮುಂದೆ ಸುಮ್ಮನೆ ಹಾದುಹೋದರೆ ಅಪರಾಧ, ಒಳಗೆ ಹೋದರೆ ತಟ್ಟೆ. “ಕಾಕಾ, ಇದು ಬೆಲ್ಲದ್ದು, ಸಕ್ಕರೆಯದಲ್ಲ” ಎನ್ನುತ್ತಾಳೆ ಒಬ್ಬಳು. ಬೆಲ್ಲದಲ್ಲಿ ಇರುವ ಬಹುಪಾಲು ಸಕ್ಕರೆಯೇ. ಬಣ್ಣ ಬೇರೆ, ಒಂದಿಷ್ಟು ಖನಿಜಾಂಶವಿದೆ, ರಕ್ತದಲ್ಲಿ ಮಾಡುವ ಕೆಲಸ ಮಾತ್ರ ಒಂದೇ. “ಇದೊಂದು ದಿನ ಗುಳಿಗೆ ಹೆಚ್ಚು ತೆಗೆದುಕೊಂಡರಾಯಿತು” ಎನ್ನುತ್ತಾನೆ ಇನ್ನೊಬ್ಬ, ತಾನೇ ಬರೆದುಕೊಟ್ಟ ಗುಳಿಗೆಯೇನೋ ಎಂಬಂತೆ. ಈ ಸಲಹೆಯಷ್ಟು ಅಪಾಯದ್ದು ಬೇರೊಂದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಇವುಗಳಿಗೆಲ್ಲ ಉತ್ತರ ಹೇಳಬಹುದು. ಉತ್ತರವಿಲ್ಲದ್ದು ಮನೆಯ ಹಿರಿಯ ಅವ್ವನ ಮಾತಿಗೆ. ನಡುಗುವ ಕೈಯಲ್ಲಿ ಹೋಳಿಗೆ ಹಿಡಿದು, “ಅಪ್ಪನ ಪ್ರಸಾದ ಮಗನೇ, ಇದರಿಂದ ಯಾರಿಗೆ ಏನಾದೀತು?” ಎಂದು ಅವಳು ಕೇಳಿದರೆ ವೈದ್ಯರ ಚೀಟಿ ಕಿಸೆಯಲ್ಲೇ ಉಳಿಯುತ್ತದೆ. ಬೇಡವೆಂದರೆ ಹೋಳಿಗೆಯನ್ನು ಬೇಡವೆಂದಂತಲ್ಲ, ದೇವರನ್ನೇ ಬೇಡವೆಂದಂತೆ ಕೇಳಿಸುತ್ತದೆ ಅವಳಿಗೆ.

ಇದಕ್ಕೊಂದು ದಾರಿ ನಮ್ಮ ಓಣಿಯಲ್ಲಿಯೇ ಇತ್ತು. ಹಿರಿಯರೊಬ್ಬರು ಕಾಶಿಗೆ ಹೋದವರು ಅಲ್ಲಿನ ಪದ್ಧತಿಯಂತೆ ಬದನೆಕಾಯಿ ಬಿಟ್ಟು ಬಂದರು. ಜೋಳದ ರೊಟ್ಟಿಯ ನಾಡಿನಲ್ಲಿ ಎಣ್ಣೆಗಾಯಿ ಬಿಡುವುದೆಂದರೆ ಸಣ್ಣ ತ್ಯಾಗವಲ್ಲ. ಆದರೂ ಮದುವೆಯಲ್ಲಾಗಲಿ ಜಾತ್ರೆಯಲ್ಲಾಗಲಿ ಯಾರೂ ಅವರಿಗೆ “ಒಂದು ಹೋಳು ತಿಂದರೆ ಏನಾಗುತ್ತದೆ” ಎಂದವರಿಲ್ಲ. “ಕಾಶಿಯಲ್ಲಿ ಬಿಟ್ಟಿದ್ದಾರೆ” ಎಂದು ಬಡಿಸುವವರೇ ಒಬ್ಬರಿಗೊಬ್ಬರು ಹೇಳಿಕೊಂಡು ಮುಂದೆ ಹೋಗುತ್ತಿದ್ದರು. ಅದೇ ಪಂಕ್ತಿಯಲ್ಲಿ, ಇನ್ಸುಲಿನ್ ಚುಚ್ಚಿಕೊಂಡು ಬಂದು ಕುಳಿತವರೊಬ್ಬರ ಎಲೆಗೆ ಅದೇ ಕೈಗಳು ಬೇಡ ಬೇಡವೆಂದರೂ ಹೋಳಿಗೆ ಹಾಕುತ್ತಿದ್ದವು. ರೋಗ ಹೇಳಿಕೊಂಡರೆ ಕನಿಕರ ಬರುತ್ತದೆ, ಕನಿಕರದ ಜೊತೆಗೆ ಒತ್ತಾಯವೂ ಬರುತ್ತದೆ. ಹರಕೆ ಹೇಳಿದರೆ ಗೌರವ ಬರುತ್ತದೆ. ಇದು ಸರಿಯೋ ತಪ್ಪೋ ಎಂದು ತೂಗುತ್ತ ಕೂರುವಷ್ಟು ಪುರುಸೊತ್ತು ಸಕ್ಕರೆ ಕಾಯಿಲೆಯವರಿಗೆ ಇಲ್ಲ.

ಒಂದು ಶ್ರಾವಣ ಸೋಮವಾರ, ಹಳ್ಳಿಗಳಿಂದ ನಡೆದು ಬಂದ ಭಕ್ತರ ಸಾಲಿನಲ್ಲಿ ನಿಂತು, ಅಪ್ಪನ ಗದ್ದುಗೆಯ ಮುಂದೆ ಹೋಳಿಗೆ ಬಿಟ್ಟೆ. ತಪ್ಪಿಸಿಕೊಳ್ಳಲು ಹೂಡಿದ ನೆಪವೆಂದು ನಗುವವರು ನಗಲಿ. ನೆಪವಾಗಿದ್ದರೆ ಗುಡಿಗೆ ಹೋಗುವ ಅಗತ್ಯವಿರಲಿಲ್ಲ, ಮನೆಯಲ್ಲೇ ಕುಳಿತು ಒಂದು ಸುಳ್ಳು ಹೊಸೆಯಬಹುದಿತ್ತು. ದೇವರ ಮುಂದೆ ಬಿಟ್ಟಿದ್ದನ್ನು ಮನೆಯ ಅಡುಗೆಮನೆಯಲ್ಲಿ, ಯಾರೂ ನೋಡದಾಗಲೂ ಬಿಡಬೇಕಾಗುತ್ತದೆ. ನಿಜವಾದ ಕಷ್ಟ ಅದು. ನೆಂಟರ ಒತ್ತಾಯಕ್ಕಿಂತ ರಾತ್ರಿ ಹತ್ತು ಗಂಟೆಯ ನಮ್ಮದೇ ನಾಲಿಗೆಯ ಒತ್ತಾಯ ದೊಡ್ಡದು. ಡಬ್ಬಿಯ ಮುಚ್ಚಳದ ಮೇಲೆ ಕೈ ಇಟ್ಟಾಗ ವೈದ್ಯರ ಮುಖ ನೆನಪಿಗೆ ಬರುವುದಿಲ್ಲ, ಗದ್ದುಗೆ ಬರುತ್ತದೆ.

ಹೋಳಿಗೆ ಬಿಟ್ಟ ಮೇಲೆ ದಾಸೋಹದ ಬಗ್ಗೆ ಮೊದಲಿಗಿಂತ ಹೆಚ್ಚು ಯೋಚಿಸುವಂತಾಯಿತು. ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಕಲಬುರಗಿಯಲ್ಲಿ ಲಿಂಗೈಕ್ಯರಾದದ್ದು 1822ರಲ್ಲಿ. ಅವರು ಮಹಾದಾಸೋಹಿ. ಅವರ ಬಗ್ಗೆ ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ ಹೊಲ ಕಾಯುವುದರದು. ಬೆಳೆ ಕಾಯಲು ಹೋದ ಶರಣರು ಹಕ್ಕಿಗಳನ್ನು ಓಡಿಸಲಿಲ್ಲ. ತಿನ್ನಿ ಎಂದು ಬಿಟ್ಟರು, ಕುಡಿಯಲು ನೀರನ್ನೂ ಇಟ್ಟರು. ಈ ಕಥೆಯಲ್ಲಿ ಹಕ್ಕಿಗಳು ತಿಂದವು ಎಂಬುದನ್ನೇ ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಕಾಣುವುದು ಇನ್ನೊಂದು. ಶರಣರು ಯಾವ ಹಕ್ಕಿಯನ್ನೂ ಹಿಡಿದು ತಿನ್ನಿಸಲಿಲ್ಲ. ಕಾಳು ಅಲ್ಲಿತ್ತು, ನೀರು ಅಲ್ಲಿತ್ತು. ಎಷ್ಟು ತಿನ್ನಬೇಕೆಂಬುದು ಹಕ್ಕಿಗೆ ಬಿಟ್ಟ ವಿಷಯ. ಹಸಿದು ಬಂದವನ ಮುಂದೆ ತಾನು ಸೇವಕನೆಂದು ನಿಲ್ಲುವವನು ದಾಸೋಹಿ. ಸೇವಕ ಕೇಳುತ್ತಾನೆ: ಏನು ಬೇಕು, ಎಷ್ಟು ಬೇಕು, ಸಾಕೇ? “ತಿನ್ನಲೇಬೇಕು” ಎನ್ನುವವನು ಒಡೆಯನಾಗಿಬಿಟ್ಟಿರುತ್ತಾನೆ. ಕೈಯಲ್ಲಿ ಸೌಟು ಹಿಡಿದಿದ್ದರೂ ಅವನು ಮಾಡುತ್ತಿರುವುದು ದಾಸೋಹವಲ್ಲ.

ಬಡಿಸುವವರ ಮೇಲೆ ಕೋಪಿಸಿಕೊಂಡು ಹೀಗೆ ಬರೆಯುತ್ತಿಲ್ಲ. ಈ ಒತ್ತಾಯ ಎಲ್ಲಿಂದ ಬಂದಿತೆಂದು ಬಲ್ಲೆ. ಮಳೆ ನಂಬಿದ ನೆಲ ನಮ್ಮದು. ಜೋಳ, ತೊಗರಿ, ಮಳೆ ಕೈಕೊಟ್ಟರೆ ಅದೂ ಇಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಗೋಧಿಯ ಹೋಳಿಗೆ ಹಬ್ಬಕ್ಕೆ ಮಾತ್ರ, ಅದೂ ಎಣಿಸಿ. ತುಪ್ಪ ಸುರಿದ ಎರಡನೆಯ ಹೋಳಿಗೆಯನ್ನು ಬೇಡವೆನ್ನುವ ಮನುಷ್ಯ ಇದ್ದಾನೆಂದು ಅವರಿಗೆ ನಂಬಲು ಸಾಧ್ಯವೇ ಇರಲಿಲ್ಲ. ಬೇಡವೆಂದರೆ ನಾಚಿಕೆಯಿಂದ ಅಂದಿದ್ದಾನೆ, ಇನ್ನೊಮ್ಮೆ ಕೇಳಬೇಕು ಎಂಬುದೇ ಅವರ ಧರ್ಮವಾಗಿತ್ತು. ಹಸಿವಿನ ಕಾಲದ ಆ ಧರ್ಮ ಹೊಟ್ಟೆ ತುಂಬಿದ ಕಾಲಕ್ಕೂ ಹಾಗೆಯೇ ಉಳಿದಿದೆ. ಇಂದು ಬಂದವನ ಹಸಿವು ಬೇರೆ ರೀತಿಯದಿರಬಹುದು. ಅವನಿಗೆ ಒಂದು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ, ಮಜ್ಜಿಗೆ ಬೇಕಾಗಿರಬಹುದು. ಎಳ್ಳ ಅಮಾವಾಸ್ಯೆಯ ಹೊಲದ ಊಟವನ್ನು ನೋಡಿ: ಸೊಪ್ಪು, ಹಸಿ ಕಾಳುಗಳೆಲ್ಲ ಸೇರಿದ ಭಜ್ಜಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಚರಗ ಚೆಲ್ಲುವಾಗ ಭೂತಾಯಿಗೆ ಅದೂ ಸಲ್ಲುತ್ತದೆ. ರೊಟ್ಟಿಯನ್ನು ಲೆಕ್ಕವಿಟ್ಟು ತಿಂದು ಭಜ್ಜಿಯನ್ನು ಕೈತುಂಬ ಹಾಕಿಸಿಕೊಂಡರೆ ಸಕ್ಕರೆ ಕಾಯಿಲೆಯವರಿಗೆ ಅದಕ್ಕಿಂತ ಒಳ್ಳೆಯ ಹಬ್ಬವಿಲ್ಲ. ಭಜ್ಜಿಗೆ ಯಾಕೆ ಯಾರೂ ಒತ್ತಾಯ ಮಾಡುವುದಿಲ್ಲವೋ ಕಾಣೆ!

ಪ್ರಸಾದವನ್ನು ಕಡಿಮೆ ಮಾಡಿದರೆ ಪುಣ್ಯವೂ ಕಡಿಮೆಯಾಗುತ್ತದೆಯೇ? ಜಾತ್ರೆಯ ಸಂಜೆ ಇದಕ್ಕೆ ಉತ್ತರ ಕಾಣಸಿಗುತ್ತದೆ. ತೇರು ಎಳೆಯುವ ಮುನ್ನ ಪೀಠದವರು ಪರುಷ ಬಟ್ಟಲನ್ನು ಎತ್ತಿ ತೋರಿಸುತ್ತಾರೆ. ಶರಣರ ಬಟ್ಟಲು ಅದು. ಮೈದಾನದ ತುಂಬ ನಿಂತ ಜನ ಉಸಿರು ಹಿಡಿದು ನೋಡಿ ಕೈಮುಗಿಯುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ, ಉತ್ತತ್ತಿ ಬಾಳೆಹಣ್ಣು ತೇರಿಗೆ ಎಸೆಯುತ್ತಾರೆ. ಆ ಬಟ್ಟಲಿನಿಂದ ಯಾರ ಬಾಯಿಗೂ ಒಂದು ಅಗುಳು ಬಿದ್ದಿಲ್ಲ. ಆದರೂ ಪ್ರಸಾದ ಸಿಗಲಿಲ್ಲವೆಂದು ಮುಖ ಸಣ್ಣ ಮಾಡಿಕೊಂಡು ಹೋಗುವವರು ಅಲ್ಲಿಲ್ಲ. ಅಷ್ಟು ಜನಕ್ಕೆ ಕಣ್ಣಿನಿಂದಲೇ ಸಂದ ಪ್ರಸಾದ, ನನಗೆ ಉಗುರಿನಷ್ಟು ಚೂರಿನಿಂದ ಸಲ್ಲದೆ ಹೋದೀತೇ?

ಗುಡಿಯಲ್ಲಿ ಹೀಗೆ ನಡೆದುಕೊಳ್ಳುವುದು ಸುಲಭ, ಪಂಕ್ತಿಯಲ್ಲಿ ಸ್ವಲ್ಪ ಜಾಣತನ ಬೇಕು. ನಮ್ಮಲ್ಲಿ ಪ್ರಸಾದವನ್ನು ತಟ್ಟೆಯಲ್ಲಿ ಬಿಡುವಂತಿಲ್ಲ. ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವವರಿದ್ದಾರೆ. ಆದ್ದರಿಂದ ಬಿದ್ದ ಮೇಲೆ ಬೇಡವೆಂದು ಪ್ರಯೋಜನವಿಲ್ಲ. ಬೀಳುವ ಮೊದಲೇ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಕೈಮುಗಿದು, “ಅಪ್ಪನಿಗೆ ಬಿಟ್ಟಿದ್ದೇನೆ ತಾಯಿ” ಎನ್ನಬೇಕು. ನಗುತ್ತ ಹೇಳಬೇಕು, ವಿವರಿಸಬಾರದು. ವಿವರಣೆ ಶುರುವಾದರೆ ಹಾಗಲಕಾಯಿ ರಸ, ಮೆಂತ್ಯದ ನೀರು, ಯಾರೋ ಸಂಬಂಧಿಕರಿಗೆ ವಾಸಿಯಾದ ಬೇರು ಎಲ್ಲವೂ ಪಂಕ್ತಿಗೆ ಬರುತ್ತವೆ. ಕೈಗೇ ಕೊಟ್ಟುಬಿಟ್ಟರೆ ಕಣ್ಣಿಗೆ ಒತ್ತಿಕೊಂಡು ಪಕ್ಕದಲ್ಲಿ ಕುಳಿತ ಮಗುವಿಗೆ ಕೊಡಬಹುದು. ಜಾತ್ರೆಯಿಂದ ತರುವ ಬೆಂಡು ಬತ್ತಾಸಿನ ಫಳಾರವೂ ಓಣಿಗೆ ಹಂಚಲೆಂದೇ ಇರುವುದು.

ಈ ಊರಿನ ಇನ್ನೊಂದು ಪುಣ್ಯಸ್ಥಳ ಖಾಜಾ ಬಂದೇನವಾಜರ ದರ್ಗಾ. ದರ್ಗಾಕ್ಕೆ ಹೋಗಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬರುವುದು ನಮ್ಮ ಕಡೆಯ ಹಿಂದೂ ಮನೆಗಳಲ್ಲೂ ಇದೆ. ಮೊದಲು ಅಲ್ಲಿಗೆ ಹೋಗಲು ನನ್ನ ಹೆಂಡತಿ ಹೆದರುತ್ತಿದ್ದಳು, ಅಲ್ಲಿ ಸಿಗುವುದೇ ಸಕ್ಕರೆಯಲ್ಲವೇ ಎಂದು. ಅಲ್ಲಿ ಪುಡಿಕೆ ಕೈಗೆ ಬಂದಾಗ ಯಾರೂ ಎದುರಿಗೆ ನಿಂತು ತಿನ್ನಿಸಲಿಲ್ಲ. ನಾಲ್ಕು ಹರಳು ಬಾಯಿಗೆ, ಉಳಿದದ್ದು ಮನೆಮಂದಿಗೆ. ಬೀದರಿನ ನಾನಕ್ ಝೀರಾದಲ್ಲಿ ತುಪ್ಪದ ಹಲ್ವಾ ಪ್ರಸಾದಕ್ಕೆ ಬೊಗಸೆ ಒಡ್ಡುವಾಗಲೂ “ಸ್ವಲ್ಪ” ಎಂದರೆ ಸ್ವಲ್ಪವೇ ಬೀಳುತ್ತದೆ. ದೇವರ ಮನೆಗಳಲ್ಲಿ ಇರುವ ಈ ಸಂಯಮ ನೆಂಟರ ಮನೆಗಳಲ್ಲಿ ಮಾತ್ರ ಯಾಕಿಲ್ಲ?

ಹೆಚ್ಚು ಗುಳಿಗೆಯ ಮಾತು ಬಾಕಿ ಇತ್ತು. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಗುಳಿಗೆ ನುಂಗುವವರು ಪ್ರಮಾಣ ಹೆಚ್ಚಿಸಿಕೊಂಡರೆ, ಇಲ್ಲವೇ ಅದನ್ನು ತೆಗೆದುಕೊಂಡು ಶ್ರಾವಣ ಸೋಮವಾರವೆಂದು ಊಟ ಬಿಟ್ಟರೆ, ಸಕ್ಕರೆ ಏರುವುದಿರಲಿ, ಪಾತಾಳಕ್ಕಿಳಿಯುತ್ತದೆ. ಸಕ್ಕರೆ ಪ್ರತಿ ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಬೆವರು, ನಡುಕ, ಕಣ್ಣು ಮಂಜು, ಮಾತಿನಲ್ಲಿ ಗೊಂದಲ. ಇನ್ನೂ ಇಳಿದರೆ ಎಚ್ಚರ ತಪ್ಪುತ್ತದೆ. ಗುಡಿಯ ಸಾಲಿನಲ್ಲಿ ಹಾಗೆ ಕುಸಿದವರನ್ನು ಕಂಡು “ಮೈಮೇಲೆ ದೇವರು ಬಂದಿದೆ” ಎಂದು ಕುಂಕುಮ ಹಚ್ಚಲು ಹೋದವರನ್ನು ನೋಡಿದ್ದೇನೆ. ಆಗ ಬೇಕಾದದ್ದು ಸಿಹಿಯೇ. 15 ಗ್ರಾಂ ಗ್ಲೂಕೋಸ್, ಇಲ್ಲವೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಚೇತರಿಸಿಕೊಂಡ ಮೇಲೆ ಊಟ ಮಾಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಉಪವಾಸ ಹಿಡಿಯುವವರು ಗುಳಿಗೆ ಹೇಗೆ ಬದಲಿಸಬೇಕೆಂದು ಮೊದಲೇ ವೈದ್ಯರನ್ನು ಕೇಳಿಕೊಂಡಿರಬೇಕು.

ಸಿಹಿ ಬಿಟ್ಟವನು ಅಂಥ ಹೊತ್ತಿನಲ್ಲಿ ಸಕ್ಕರೆ ತಿಂದರೆ ಹರಕೆ ಮುರಿಯಿತೇ? ಹೊಲದ ಹಕ್ಕಿಗೆ ನೀರಿಟ್ಟವರು ನನ್ನ ಕಿಸೆಯ ಗ್ಲೂಕೋಸ್ ಪೊಟ್ಟಣಕ್ಕೆ ಸಿಟ್ಟಾಗುವವರಲ್ಲ. ಹರಕೆ ಹೊತ್ತಿದ್ದೇ ಈ ದೇಹ ಇನ್ನಷ್ಟು ವರ್ಷ ತೇರು ನೋಡಲೆಂದು. ಬರಿಗಾಲಿನ ಹರಕೆ ಹೊರುವವರಿಗೂ ಇದನ್ನೇ ಹೇಳುತ್ತೇನೆ. ಸೀಗಿ ಹುಣ್ಣಿಮೆಗೆ ಆಳಂದ ದಾರಿ ಹಿಡಿದು ತುಳಜಾಪುರಕ್ಕೆ ನಡೆಯುವವರಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟೋ ಜನರಿದ್ದಾರೆ. ಹಳೆಯ ಕಾಯಿಲೆಯಲ್ಲಿ ಪಾದದ ಸ್ಪರ್ಶ ಸತ್ತಿರುತ್ತದೆ. ಮುಳ್ಳು ಚುಚ್ಚಿದ್ದೂ ಗುಳ್ಳೆ ಎದ್ದದ್ದೂ ಗೊತ್ತಾಗದೆ ಹುಣ್ಣಾಗಿ, ಕಡೆಗೆ ಬೆರಳೇ ಹೋಗುತ್ತದೆ. ಚಪ್ಪಲಿ ಹಾಕಿಕೊಂಡು ಬಂದ ಮಗನನ್ನು ಅಂಬಾಭವಾನಿ ತಿರುಗಿ ಕಳಿಸುವುದಿಲ್ಲ.

ನನ್ನ ಹರಕೆ ಓಣಿಯಲ್ಲಿ ನಡೆಯಿತು, ಬ್ರಹ್ಮಪುರದಲ್ಲಿ ನಡೆಯಿತು, ನಡುಗುವ ಕೈಯ ಅವ್ವಂದಿರ ಮುಂದೆಯೂ ನಡೆಯಿತು. ಅದು ನಡೆಯದ ಜಾಗವೆಂದರೆ ಬೀಗರ ಮನೆ. ಈ ಸಲ ಜಾತ್ರೆ ಮುಗಿಸಿ ಮಗಳನ್ನು ನೋಡಲು ಹೋದಾಗ ಬೀಗತಿ ನನ್ನ ಮಾತನ್ನೆಲ್ಲ ಭಕ್ತಿಯಿಂದ ಕೇಳಿದರು, ಅಪ್ಪನ ಹೆಸರಿಗೆ ಕೈಯನ್ನೂ ಮುಗಿದರು, ಹೋಳಿಗೆಯ ತಟ್ಟೆಯನ್ನು ಒಳಗೆ ಒಯ್ದರು. ಬರುವಾಗ ಕೈಯಲ್ಲಿ ಇನ್ನೊಂದು ಬಟ್ಟಲು. “ಅಣ್ಣಾ, ನೀವು ಬಿಟ್ಟಿರುವುದು ಹೋಳಿಗೆ ತಾನೆ? ಇದು ಮಾದಲಿ.” ಮುಂದಿನ ಶ್ರಾವಣದಲ್ಲಿ ಗದ್ದುಗೆಯ ಮುಂದೆ ನಿಂತು ಮಾದಲಿ, ಕರ್ಚಿಕಾಯಿ, ಗೋಧಿ ಹುಗ್ಗಿ ಎಲ್ಲವನ್ನೂ ಹೆಸರು ಹಿಡಿದು ಸೇರಿಸಬೇಕೆಂದಿದ್ದೇನೆ.