ಮಾಲೀಕ ರಜೆ ಹೋದಾಗ ಫೋನ್ ಯಾರ ಕೈಯಲ್ಲಿರಬೇಕು?

ಹಂಪಿಯನ್ನು ನೆಚ್ಚಿಕೊಂಡು ಸಣ್ಣ ಪ್ರಮಾಣದಲ್ಲಿ ಪ್ರವಾಸದ ವ್ಯವಹಾರ ನಡೆಸುವವರಿಗೆ ರಜೆ ಎನ್ನುವುದು ಮೊದಲು ಪಂಚಾಂಗದ ಪ್ರಶ್ನೆ, ಆಮೇಲೆ ಫೋನಿನ ಪ್ರಶ್ನೆ. ಹೊಸಪೇಟೆಯಲ್ಲಿ ನಮ್ಮದು ಒಂದು ಕಾರು, ಒಂದು ಟಿಟಿ (ಟೆಂಪೊ ಟ್ರಾವೆಲರ್), ಇಬ್ಬರು ಚಾಲಕರು ಮತ್ತು ಕಚೇರಿಯಲ್ಲಿ ಬುಕಿಂಗ್ ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು, ಇಷ್ಟೇ ಇರುವ ಸಂಸ್ಥೆ. ಪಾರ್ಟಿ, ಅಂದರೆ ಬರುವ ಪ್ರವಾಸಿಗರ ತಂಡ, ದೊಡ್ಡದಾದಾಗ ಹೊರಗಿನ ಗಾಡಿಗಳನ್ನು ಬಾಡಿಗೆಗೆ ಹಚ್ಚುತ್ತೇವೆ. ಗೈಡ್‌ಗಳನ್ನು ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರಲ್ಲೇ ಕರೆದುಕೊಳ್ಳುತ್ತೇವೆ. ಊರಿಗೆಲ್ಲ ರಜೆ ಇರುವ ದಿನಗಳೇ ನಮ್ಮ ದುಡಿಮೆಯ ದಿನಗಳಾದ್ದರಿಂದ, ದಸರಾ ರಜೆಯಲ್ಲಿ, ಕ್ರಿಸ್‌ಮಸ್ ವಾರದಲ್ಲಿ, ಗಣರಾಜ್ಯೋತ್ಸವದ ಆಸುಪಾಸಿನ ಶನಿವಾರ-ಭಾನುವಾರಗಳಲ್ಲಿ ಮಕ್ಕಳು ಮನೆಯಲ್ಲಿದ್ದರೂ ಅವರಿಗೆ ಅಪ್ಪ ಸಿಗುವುದಿಲ್ಲ. ಅಪ್ಪನಿಗೆ ಬಿಡುವಾದಾಗ ಶಾಲೆಯ ಗಂಟೆ ಬಾರಿಸಿರುತ್ತದೆ. ಈ ವ್ಯವಹಾರಕ್ಕೆ ಇಳಿಯುವ ಯುವಕರು ಗಾಡಿಯ ಬೆಲೆ, ಬ್ಯಾಂಕಿನ ಬಡ್ಡಿ, ಡೀಸೆಲ್ ದರ ಎಲ್ಲವನ್ನೂ ಕೇಳುತ್ತಾರೆ. ವರ್ಷದಲ್ಲಿ ಯಾವಾಗ ಊರು ಬಿಡಬಹುದು ಎಂದು ಯಾರೂ ಕೇಳುವುದಿಲ್ಲ.

ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನದು ಹಂಪಿಯ ಸೀಸನ್ ಎಂಬುದು ಎಲ್ಲರಿಗೂ ಗೊತ್ತು. ಅದರಾಚೆಗೆ ಅಷ್ಟು ಸುಲಭವಾಗಿ ಕಾಣದ ಸಂಗತಿಗಳಿವೆ. ಹಂಪಿ ಉತ್ಸವ 2023ರಲ್ಲಿ ಜನವರಿಯ ಕೊನೆಗೆ ನಡೆಯಿತು, 2024ರಲ್ಲಿ ಫೆಬ್ರುವರಿಯ ಆರಂಭಕ್ಕೆ, 2025ರಲ್ಲಿ ಫೆಬ್ರುವರಿ ಮುಗಿದು ಮಾರ್ಚ್ ಹುಟ್ಟುವ ಹೊತ್ತಿಗೆ. ಹೀಗೆ ದಿನಾಂಕ ಸರಿಯುತ್ತಿರುವಾಗ ಸೀಸನ್ನಿನ ಬಾಲದಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಳ್ಳುತ್ತೇನೆಂದು ಮುಂಚಿತವಾಗಿ ಗುರುತು ಹಾಕಿಕೊಳ್ಳಲು ಆಗುವುದಿಲ್ಲ. ಡಿಸೆಂಬರ್‌ನಲ್ಲಿ ಹನುಮಮಾಲೆ ವಿಸರ್ಜನೆಗೆ ಅಂಜನಾದ್ರಿ ಬೆಟ್ಟದ ಕಡೆ ಜನಸಾಗರವೇ ಹರಿಯುತ್ತದೆ. ಚೈತ್ರದಲ್ಲಿ ವಿರೂಪಾಕ್ಷನ ರಥೋತ್ಸವವಿದೆ. ಬಂಡೆಗಳು ಹಗಲೆಲ್ಲ ಕಾದು ರಾತ್ರಿಯೂ ಬಿಸಿ ಉಗುಳುವ ಏಪ್ರಿಲ್-ಮೇ ತಿಂಗಳುಗಳಲ್ಲಿ ದೂರದೇಶದ ಪ್ರವಾಸಿಗರು ಬರುವುದು ನಿಂತರೂ, ಶಾಲೆಗೆ ರಜೆ ಬಿಟ್ಟ ನಮ್ಮ ರಾಜ್ಯದ ಕುಟುಂಬಗಳು ವಾರಾಂತ್ಯಕ್ಕೆ ಬಂದೇ ಬರುತ್ತವೆ, ಉಷ್ಣಾಂಶ 40 ಡಿಗ್ರಿ ಇದ್ದರೂ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತಿಯೇ ತೀರುತ್ತವೆ. ನಮ್ಮ ವೃತ್ತಿಯ ಬಹುಪಾಲು ಜನ ಬೇಸಿಗೆಯನ್ನು ವಿಶ್ರಾಂತಿಯ ಕಾಲವೆಂದು ಕರೆಯುತ್ತಾರೆ. ಗಾಡಿಯ ಎಂಜಿನ್ ಕೆಲಸ, ಸೀಟು ಕವರು, ಹೋಟೆಲುಗಳೊಡನೆ ಮುಂದಿನ ಸೀಸನ್ನಿನ ದರದ ಮಾತುಕತೆ, ಬಾಕಿ ವಸೂಲಿ ಎಲ್ಲವೂ ಆ ತಿಂಗಳುಗಳಲ್ಲೇ ಬಂದು ಬೀಳುವಾಗ ಅದು ಯಾವ ಲೆಕ್ಕದಲ್ಲಿ ವಿಶ್ರಾಂತಿಯೋ ನನಗೆ ಅರ್ಥವಾಗಿಲ್ಲ.

ನಿಜವಾದ ಸಂದು ಸಿಗುವುದು ಶಾಲೆಗಳು ತೆರೆದ ಮೇಲೆ ಮತ್ತು ತುಂಗಭದ್ರಾ ಜಲಾಶಯ ತುಂಬುವ ಮೊದಲು, ಅಂದರೆ ಹೆಚ್ಚುಕಡಿಮೆ ಜೂನ್ ತಿಂಗಳಲ್ಲಿ. ಆಷಾಢವೂ ಅದರ ಹಿಂದೆಯೇ ಬಂದರೆ ಇನ್ನೂ ಅನುಕೂಲ. ಮದುವೆಯ ದಿಬ್ಬಣಗಳಿಗೂ ಗಾಡಿ ಕೇಳುವವರಿರುವುದಿಲ್ಲ. ಜಲಾಶಯ ತುಂಬಿ ನೀರು ಹೊರಬಿಡುವ ಕ್ರಸ್ಟ್ ಗೇಟ್ ಎತ್ತಿದರೆಂದರೆ ಕಥೆ ಬೇರೆ. ನೀರು ನೋಡಲೆಂದೇ ಸುತ್ತಲಿನ ಜಿಲ್ಲೆಗಳಿಂದ ಜನ ಬರುತ್ತಾರೆ, ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ದೋಣಿ ಮತ್ತು ಹರಿಗೋಲು ನಿಲ್ಲುತ್ತವೆ, ಹೊಳೆ ದಾಟಬೇಕೆಂದಿದ್ದವರನ್ನು ಬುಕ್ಕಸಾಗರ-ಕಡೆಬಾಗಿಲು ಸೇತುವೆಯ ಮೇಲೆ ಸುತ್ತಿಸಿ ಆನೆಗೊಂದಿಗೆ ಕರೆದೊಯ್ಯಬೇಕಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಸುದ್ದಿ ಹಬ್ಬಿದಾಗ, ಹಂಪಿಗೆ ಬರಬಹುದೇ ಬೇಡವೇ ಎಂದು ಕೇಳುವವರಿಗೆ ಉತ್ತರ ಹೇಳುವುದೇ ಒಂದು ಪೂರ್ಣಾವಧಿ ಕೆಲಸವಾಗಿತ್ತು. ಅಂಥ ವಾರದಲ್ಲಿ ಮಾಲೀಕನಾದವನು ಊರಿನಲ್ಲಿರಬೇಕು. ಆದ್ದರಿಂದ ಜುಲೈ ನಡುವಿನಿಂದ ಆಗಸ್ಟ್ ಮುಗಿಯುವವರೆಗೆ ನಾನು ಎಲ್ಲಿಗೂ ಹೋಗುವುದಿಲ್ಲ.

ದಿನ ಗೊತ್ತಾದ ಮೇಲೆ, ಬಾಗಿಲು ಹಾಕಿ ಹೋಗುವುದೋ ಅಥವಾ ವ್ಯವಹಾರ ನಡೆಯುತ್ತಿರುವಾಗಲೇ ತಾನೊಬ್ಬ ಹೋಗುವುದೋ ಎಂಬ ತೀರ್ಮಾನ. ಒಬ್ಬನೇ ಗಾಡಿ ಓಡಿಸಿಕೊಂಡು ಒಬ್ಬನೇ ಲೆಕ್ಕ ಬರೆಯುವವನಿಗೆ ಬಾಗಿಲು ಹಾಕುವುದು ಸರಿಯಾದ ದಾರಿ. ಚಾಲಕರಿರುವ ಕಡೆ ಅದು ಸರಿಯಲ್ಲ. ಚಾಲಕನ ಆದಾಯದಲ್ಲಿ ಸಂಬಳದಷ್ಟೇ ತೂಕ ಟ್ರಿಪ್ಪಿನ ಬಾಟಾಗೆ, ಅಂದರೆ ಗಾಡಿ ಓಡಿಸಿದ ದಿನದ ಭತ್ಯೆಗೆ, ಇರುತ್ತದೆ. ಗಾಡಿ ನಿಂತರೆ ಬಾಟಾ ನಿಲ್ಲುತ್ತದೆ, ಮಾಲೀಕನ ರಜೆ ಅವನಿಗೆ ಸಂಬಳ ಕಡಿತವಾಗುತ್ತದೆ. ಗಾಡಿಯ ಸಾಲದ ಕಂತು ಕೂಡ ನಾನು ಸಮುದ್ರ ತೀರದಲ್ಲಿದ್ದೇನೆಂದು ಒಂದು ತಿಂಗಳು ತಡೆದುಕೊಳ್ಳುವುದಿಲ್ಲ. ಹಾಗಾಗಿ ನಮ್ಮಲ್ಲಿ ಮಾಲೀಕ ಹೋಗುತ್ತಾನೆ, ಕಚೇರಿ ತೆರೆದಿರುತ್ತದೆ. ಚಾಲಕರು ಇದೇ ಜೂನ್‌ನಲ್ಲಿ ಸರದಿಯಂತೆ ಊರಿಗೆ ಹೋಗಿಬರುತ್ತಾರೆ, ಆ ದಿನಗಳಿಗೆ ಬಾಟಾದ ಒಂದು ಭಾಗವನ್ನು ಸೀಸನ್ನಿನಲ್ಲೇ ತೆಗೆದಿಟ್ಟ ಹಣದಿಂದ ಕೊಡುತ್ತೇವೆ.

ಇಲ್ಲಿಂದ ಮುಂದಿನದೇ ಕಷ್ಟದ ಭಾಗ. ದೊಡ್ಡ ಕಂಪನಿಯ ಗ್ರಾಹಕರು ಪ್ಯಾಕೇಜು ಕೊಳ್ಳುತ್ತಾರೆ; ನಮ್ಮಂಥವರ ಗ್ರಾಹಕರು ಕೊಳ್ಳುವುದು ಫೋನ್ ಎತ್ತುವ ಒಬ್ಬ ಮನುಷ್ಯನನ್ನು. ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್‌ನಿಂದ ಇಳಿದು ನಿಲ್ದಾಣದ ಹೊರಗೆ ಗಾಡಿ ಕಾಣದಿದ್ದರೆ ಅವರು ಕರೆ ಮಾಡುವುದು ಚಾಲಕನಿಗಲ್ಲ, ನನಗೆ. ಅಜ್ಜಿಗೆ ನಡೆಯಲಾಗುವುದಿಲ್ಲ, ವಿಠ್ಠಲ ದೇವಾಲಯದವರೆಗೆ ಗಾಡಿ ಹೋಗುತ್ತದೆಯೇ ಎಂದು ಕೇಳುವುದೂ ನನ್ನನ್ನೇ. ಈ ಉತ್ತರಗಳೆಲ್ಲ ಒಬ್ಬನ ತಲೆಯಲ್ಲಿ ಮಾತ್ರ ಇರುವವರೆಗೆ ಅವನಿಗೆ ರಜೆ ಸಿಗುವುದಿಲ್ಲ, ಅವನು ಗೋಕರ್ಣದಲ್ಲಿ ಕುಳಿತು ಹಂಪಿಯ ಕೆಲಸ ಮಾಡುತ್ತಾನೆ ಅಷ್ಟೇ.

ಅದಕ್ಕಾಗಿ ನಾವು ಒಂದು ದಪ್ಪ ರಟ್ಟಿನ ನೋಟ್‌ಬುಕ್ ಬರೆಯತೊಡಗಿದೆವು. ಯಾವ ಪ್ರಶ್ನೆಗೆ ನಾನು ಫೋನಿನಲ್ಲಿ ಉತ್ತರಿಸುತ್ತೇನೋ ಅದನ್ನು ಕಚೇರಿಯ ಹೆಣ್ಣುಮಗಳು ಅದೇ ದಿನ ಅದರಲ್ಲಿ ಬರೆಯಬೇಕು ಎಂಬುದೊಂದೇ ನಿಯಮ. ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯ ಶುಕ್ರವಾರ ಮುಚ್ಚಿರುತ್ತದೆ. ವಿಠ್ಠಲ ದೇವಾಲಯದಲ್ಲಿ ಕೊಂಡ ಟಿಕೆಟ್ ಅದೇ ದಿನ ಕಮಲ ಮಹಲ್ ಇರುವ ಜನಾನಾ ಆವರಣಕ್ಕೂ ನಡೆಯುತ್ತದೆ, ಆದ್ದರಿಂದ ಎರಡನ್ನೂ ಬೇರೆ ಬೇರೆ ದಿನಕ್ಕೆ ಹಾಕಿ ಪಾರ್ಟಿಗೆ ಎರಡು ಸಲ ಖರ್ಚು ಮಾಡಿಸಬಾರದು. ವಿಠ್ಠಲ ದೇವಾಲಯಕ್ಕೆ ನಮ್ಮ ಗಾಡಿ ಹೋಗುವುದಿಲ್ಲ. ಪಾರ್ಕಿಂಗ್‌ನಿಂದ ಬ್ಯಾಟರಿ ವಾಹನವಿದೆ, ಭಾನುವಾರ ಅದಕ್ಕೆ ಸಾಲು ಉದ್ದವಿರುವುದರಿಂದ ವಯಸ್ಸಾದವರಿದ್ದರೆ ಆ ದೇವಾಲಯವನ್ನೇ ಬೆಳಗಿನ ಮೊದಲ ಸ್ಥಳವಾಗಿ ಇಡಬೇಕು. ವಿರೂಪಾಕ್ಷ ದೇವಾಲಯದಲ್ಲಿ ಮಧ್ಯಾಹ್ನ ದರ್ಶನ ನಿಲ್ಲುತ್ತದೆ. ಆ ಹೊತ್ತನ್ನು ಊಟಕ್ಕೆ ಕೊಡಬೇಕು. ಮಾತಂಗ ಬೆಟ್ಟಕ್ಕೆ ಸೂರ್ಯೋದಯ ನೋಡಲು ಕತ್ತಲಲ್ಲಿ ಒಂಟಿಯಾಗಿ ಹೊರಡುತ್ತೇವೆನ್ನುವವರನ್ನು ಗೈಡ್ ಇಲ್ಲದೆ ಕಳಿಸಬಾರದು. ಇವೆಲ್ಲ ಗುಟ್ಟುಗಳೇನಲ್ಲ, ಊರಿನ ಪ್ರತಿಯೊಬ್ಬ ಆಟೊದವನಿಗೂ ಗೊತ್ತಿರುವುದೇ. ಆದರೆ ಬರೆದಿಟ್ಟಾಗ ಮಾತ್ರ ಅವು ಸಂಸ್ಥೆಯ ಆಸ್ತಿಯಾಗುತ್ತವೆ, ಇಲ್ಲದಿದ್ದರೆ ಮಾಲೀಕನ ಹೆಗ್ಗಳಿಕೆಯಾಗಿ ಉಳಿಯುತ್ತವೆ. (ನಮ್ಮಲ್ಲಿ ಕೆಲವರಿಗೆ ಆ ಹೆಗ್ಗಳಿಕೆ ಬಿಟ್ಟುಕೊಡಲು ಮನಸ್ಸಿಲ್ಲದಿರುವುದೇ ರಜೆಗೆ ದೊಡ್ಡ ಅಡ್ಡಿ ಎಂಬ ಅನುಮಾನ ನನಗಿದೆ.)

ತಿಳಿವಳಿಕೆಯ ಜೊತೆಗೆ ಅಧಿಕಾರವನ್ನೂ ಕೊಡಬೇಕು. ಎ.ಸಿ. ಕೆಟ್ಟಿದೆ ಎಂದು ಪಾರ್ಟಿ ಸಿಟ್ಟಾದಾಗ ಹೊರಗಿನ ಗಾಡಿ ಹಚ್ಚಲೇ ಬೇಡವೇ ಎಂದು ನನ್ನನ್ನು ಕೇಳುವುದಾದರೆ, ನಾನು ಊರಿನಲ್ಲಿಲ್ಲ ಎನ್ನುವುದಕ್ಕೆ ಅರ್ಥವೇ ಇಲ್ಲ. 5,000 ರೂಪಾಯಿಯವರೆಗಿನ ಯಾವುದೇ ಖರ್ಚು ಅಥವಾ ಮರುಪಾವತಿಯನ್ನು ನನ್ನನ್ನು ಕೇಳದೆಯೇ ಮಾಡಬಹುದು, ವಾಪಸ್ ಬಂದ ಮೇಲೆ ಅದು ಸರಿಯೋ ತಪ್ಪೋ ಎಂಬ ವಿಚಾರಣೆ ನಡೆಸುವುದಿಲ್ಲ ಎಂದು ಹೇಳಿದ್ದೇನೆ. ಎರಡನೆಯ ಭಾಗವೇ ಮುಖ್ಯ. ಅಪಘಾತ, ಪ್ರವಾಸಿಗರ ಅನಾರೋಗ್ಯ, ಪೊಲೀಸರು ಅಥವಾ ಆರ್‌ಟಿಒ ಗಾಡಿ ಹಿಡಿದು ನಿಲ್ಲಿಸುವುದು, ಇವಕ್ಕೆ ಮಾತ್ರ ಯಾವ ಹೊತ್ತಿನಲ್ಲಾದರೂ ಕರೆ ಮಾಡಬೇಕು. ಉಳಿದದ್ದು ರಾತ್ರಿ ಒಂದೇ ಸಂದೇಶದಲ್ಲಿ ಬರಲಿ. ಮೊದಲ ಕೆಲವು ದಿನ ಆ ಸಂದೇಶಕ್ಕಾಗಿ ಕಾಯುವವನು ನಾನೇ ಆಗಿರುತ್ತೇನೆ, ಅದು ಬೇರೆ ಮಾತು. ನಾನಿಲ್ಲದಾಗ ಕೆಲಸ ಹೇಗಿತ್ತೆಂದು ವಿಚಾರಿಸಿದರೆ ನಮ್ಮ ಹಿರಿಯ ಚಾಲಕ, "ಅಣ್ಣಾ, ನಿಮ್ಮ ಫೋನ್ ಬರೂದಿಲ್ಲಲ್ಲ, ಪಾರ್ಟಿ ಜೋಡಿ ಆರಾಮ ಮಾತಾಡಾಕ ಟೈಮ್ ಸಿಗ್ತೈತಿ" ಎಂದ. ಎಲ್ಲಿದ್ದೀಯಾ, ಎಷ್ಟು ದೂರ ಬಂದೆ ಎಂದು ಗಂಟೆಗೊಮ್ಮೆ ಕೇಳುವ ಅಭ್ಯಾಸವನ್ನು ಅಂದಿನಿಂದ ಸೀಸನ್ನಿನಲ್ಲೂ ಕಡಿಮೆ ಮಾಡಿದ್ದೇನೆ.

ಗ್ರಾಹಕರಿಗೆ ಹೇಳುವ ವಿಷಯದಲ್ಲಿ ಸಮಯವೇ ಎಲ್ಲ. ಅಡ್ವಾನ್ಸ್ ಪಡೆಯುವ ದಿನವೇ, ಆ ದಿನಾಂಕಗಳಲ್ಲಿ ನಿಮ್ಮ ಜೊತೆ ಇಂಥವರು ಸಂಪರ್ಕದಲ್ಲಿರುತ್ತಾರೆ ಎಂದು ಹೆಸರು ಮತ್ತು ಸಂಖ್ಯೆ ಸಹಿತ ತಿಳಿಸಿದರೆ ಸಾಮಾನ್ಯವಾಗಿ ಯಾರೂ ಆಕ್ಷೇಪಿಸುವುದಿಲ್ಲ. ಅದೇ ಮಾತನ್ನು ಹೊರಡುವ ಹಿಂದಿನ ದಿನ ಹೇಳಿದರೆ ಕೈಬಿಟ್ಟರೆಂಬ ಭಾವನೆ ಬರುತ್ತದೆ. ನಮ್ಮ ಕೈಮೀರಿದ ಪಾರ್ಟಿಗಳನ್ನು ಊರಿನ ಇನ್ನೊಬ್ಬ ಟ್ರಾವೆಲ್ಸ್‌ನವರಿಗೆ ಒಪ್ಪಿಸುತ್ತೇವೆ. ಅವರು ಊರು ಬಿಟ್ಟಾಗ ಅವರದನ್ನು ನಾವು ನೋಡಿಕೊಳ್ಳುತ್ತೇವೆ. ಈ ಕೊಡುಕೊಳ್ಳುವಿಕೆಯಲ್ಲಿ ಕಮಿಷನ್ ಇಟ್ಟುಕೊಳ್ಳುವ ಪದ್ಧತಿ ಊರಿನಲ್ಲಿ ಇದ್ದೇ ಇದೆ, ಆದರೆ ರಜೆಯ ವಾರದ ಪಾರ್ಟಿಗೆ ನಾವಿಬ್ಬರೂ ಕಮಿಷನ್ ಇಟ್ಟುಕೊಂಡಿಲ್ಲ. ಹಣದ ಲೆಕ್ಕ ಹತ್ತಿದ ಕೂಡಲೇ ಪಾರ್ಟಿ ಯಾರದ್ದು ಎಂಬ ತಕರಾರು ಹುಟ್ಟುತ್ತದೆ.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಾಡಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಬೇಕು. ಅದರ ದಿನಾಂಕವಾಗಲಿ, ವಿಮೆ ಮತ್ತು ಪರ್ಮಿಟ್ಟಿನ ಅವಧಿಯಾಗಲಿ ರಜೆಯ ನಡುವೆ ಮುಗಿಯದಂತೆ ನೋಡಿಕೊಂಡರೆ ಸಾಕು. ಜಿಎಸ್‌ಟಿ ನೋಂದಣಿ ಇರುವವರು ಒಂದೂ ಬಿಲ್ ಹಾಕದ ತಿಂಗಳಿಗೂ ರಿಟರ್ನ್ ಸಲ್ಲಿಸಬೇಕು. ತಡವಾದರೆ ಶೂನ್ಯ ರಿಟರ್ನ್‌ಗೂ ದಿನಕ್ಕೆ 20 ರೂಪಾಯಿ ದಂಡ ಬೀಳುತ್ತದೆ, ಒಟಿಪಿ ಮಾತ್ರ ಮಾಲೀಕನ ಮೊಬೈಲಿಗೇ ಬರುತ್ತದೆ. ಈ ಒಟಿಪಿಯೇ ರಜೆಯ ನಿಜವಾದ ಶತ್ರು. ಡೀಸೆಲ್, ಫಾಸ್ಟ್ಯಾಗ್, ಹೋಟೆಲಿನ ಮುಂಗಡ ಇವುಗಳಿಗೆ ಬೇರೊಂದು ಖಾತೆ ತೆರೆದು, ಬೇಕಾದಷ್ಟೇ ಹಣವಿಟ್ಟು, ಅದರ ಸಿಮ್ ಇರುವ ಹ್ಯಾಂಡ್‌ಸೆಟ್ಟನ್ನು ಕಚೇರಿಯಲ್ಲೇ ಬಿಡುವುದು ನಾವು ಕಂಡುಕೊಂಡ ದಾರಿ. ವ್ಯವಹಾರದ ವಾಟ್ಸ್ಆ್ಯಪ್ ಕೂಡ ಅದೇ ಹ್ಯಾಂಡ್‌ಸೆಟ್ಟಿನಲ್ಲಿದೆ. ಮುಖ್ಯ ಫೋನನ್ನು 14 ದಿನ ಬಳಸದೆ ಬಿಟ್ಟರೆ ಅದಕ್ಕೆ ಜೋಡಿಸಿದ ಕಂಪ್ಯೂಟರುಗಳಿಂದ ವಾಟ್ಸ್ಆ್ಯಪ್ ತಾನಾಗಿಯೇ ಲಾಗ್‌ಔಟ್ ಆಗುವುದರಿಂದ, ಮಾಲೀಕನ ಚೀಲದಲ್ಲಿ ಸ್ವಿಚ್ ಆಫ್ ಆಗಿ ಹೋಗುವ ಫೋನಿಗಿಂತ ಕಚೇರಿಯ ಮೇಜಿನ ಮೇಲಿರುವ ಫೋನೇ ಲೇಸು.

ಎಲ್ಲಿಗೆ ಹೋಗಬೇಕೆಂಬುದು ಅವರವರ ಇಷ್ಟ. ನನ್ನ ಸಲಹೆ ಇಷ್ಟೇ: ತಮ್ಮ ಸಂಸ್ಥೆ ಪ್ರವಾಸಿಗರನ್ನು ಕರೆದೊಯ್ಯುವ ಯಾವ ಊರಿಗೂ ರಜೆಗೆ ಹೋಗಬಾರದು. ಬಾದಾಮಿಗೆ ಹೋದರೆ ಹೋಟೆಲಿನ ಮ್ಯಾನೇಜರು ಹಳೆಯ ಬಿಲ್ಲು ತೆಗೆಯುತ್ತಾನೆ, ಐಹೊಳೆಗೆ ಹೋದರೆ ಗೈಡ್ ಬಂದು ಜೊತೆಗೆ ಕೂರುತ್ತಾನೆ. ನಾವು ರೈಲಿನಲ್ಲಿ ಹೋಗುತ್ತೇವೆ; ಗಾಡಿಯಲ್ಲಿ ಹೋದರೆ ಪಾರ್ಕಿಂಗ್ ಎಲ್ಲಿ, ಟಿಟಿ ತಿರುಗಿಸಲು ಜಾಗವಿದೆಯೇ ಎಂದು ನನ್ನ ಕಣ್ಣು ಹುಡುಕತೊಡಗುತ್ತದೆಂದು ಮನೆಯಾಕೆಯ ದೂರು, ಅದರಲ್ಲಿ ಹುರುಳಿದೆ. ಮಕ್ಕಳ ಶಾಲೆಯ ವಿಷಯದಲ್ಲಿ ಇನ್ನೂ ಪೂರ್ಣ ಪರಿಹಾರ ಸಿಕ್ಕಿಲ್ಲ. ಮೇ ತಿಂಗಳ ಸೋಮವಾರದಿಂದ ಗುರುವಾರದವರೆಗಿನ ಖಾಲಿ ದಿನಗಳಲ್ಲಿ ಅವರೊಡನೆ ಒಂದು ಚಿಕ್ಕ ಪ್ರವಾಸ, ಜೂನ್‌ನಲ್ಲಿ ನಾವಿಬ್ಬರು ಮಾತ್ರ ಹೋಗುವ ಉದ್ದನೆಯದು, ಆಗ ಮಕ್ಕಳು ಅಜ್ಜಿಯ ಬಳಿ, ಹೀಗೆ ಹೊಂದಿಸಿಕೊಂಡಿದ್ದೇವೆ.

ಜೂನ್ ಎಂದು ಹೇಳಿದೆನಾದರೂ ಪ್ರತಿ ವರ್ಷ ಅದೇ ವಾರ ನಡೆಯುವುದಿಲ್ಲ. 2026ರಲ್ಲಿ ಜ್ಯೇಷ್ಠವೇ ಅಧಿಕ ಮಾಸ. ಅದು ಮೇ ನಡುವಿನಿಂದ ಜೂನ್ ನಡುವಿನವರೆಗೆ ಇರುವುದರಿಂದ ಮದುವೆಗಳೆಲ್ಲ ನಿಜ ಜ್ಯೇಷ್ಠಕ್ಕೆ, ಅಂದರೆ ಜೂನ್ ಉತ್ತರಾರ್ಧಕ್ಕೆ ಸರಿಯುತ್ತವೆ, ಆಷಾಢ ಜುಲೈ ನಡುವಿಗೆ ಶುರುವಾಗಿ ಜಲಾಶಯ ತುಂಬುವ ಕಾಲಕ್ಕೇ ಬಂದು ಕೂಡುತ್ತದೆ. ಅಂಥ ವರ್ಷದಲ್ಲಿ ಆಷಾಢವನ್ನು ನಂಬಿ ಕುಳಿತರೆ ರಜೆ ಕೈತಪ್ಪುತ್ತದೆ. ಶಾಲೆ ತೆರೆದ ಕೂಡಲೇ, ಅಧಿಕ ಮಾಸ ಮುಗಿಯುವ ಮೊದಲೇ ಹೊರಟುಬಿಡಬೇಕು, ದಿಬ್ಬಣಕ್ಕೆ ಟಿಟಿ ಕೇಳುವವರು ಬಾಗಿಲಿಗೆ ಬರುವಷ್ಟರಲ್ಲಿ ಮರಳಿರಬೇಕು. ಹೀಗಾಗಿ ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬಂದ ದಿನವೇ ಬುಕಿಂಗ್ ಡೈರಿಯಲ್ಲಿ ಆ ದಿನಗಳಿಗೆ ನಮ್ಮ ಹೆಸರನ್ನೇ ಪಾರ್ಟಿಯ ಹೆಸರಿನ ಜಾಗದಲ್ಲಿ ಬರೆದು, ಅಡ್ವಾನ್ಸ್ ಬಂದಿದೆ ಎಂದು ಗುರುತು ಹಾಕುತ್ತೇವೆ. ರೈಲಿನ ಟಿಕೆಟ್ಟುಗಳನ್ನು, ಹೊರಡುವುದಕ್ಕೆ 60 ದಿನ ಮುಂಚೆ ಬುಕಿಂಗ್ ತೆರೆದ ಕೂಡಲೇ ಕಾಯ್ದಿರಿಸುತ್ತೇವೆ.